ಮುತ್ತಾತ ಒಬ್ಬರೇ, ಅಪ್ಪನ ಹೆಸರು ಎರಡು, ಹುಟ್ಟಿದ ವರ್ಷ ಮೂರು. ಯಾವುದನ್ನು ನಂಬೋದು?

ಕಿಕ್ಕೇರಿ_ಕಡೆಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ಕೆ.ಆರ್. ಪೇಟೆ ತಾಲ್ಲೂಕು, ಈಗ ಬೆಂಗಳೂರಿನಲ್ಲಿ ಕೆಲಸ. ಬಿಡುವಾದಾಗ ಮನೆತನದ ವಂಶವೃಕ್ಷ ಬರೆಯುತ್ತಾ ಇದ್ದೇನೆ. ತಾತನವರೆಗೆ ಏನೂ ತೊಂದರೆ ಆಗಲಿಲ್ಲ. ಮುತ್ತಾತ ತಿಮ್ಮೇಗೌಡರ ಹತ್ತಿರ ಬಂದ ಮೇಲೆ ಎಲ್ಲಾ ಗೋಜಲು.

ಮನೆಯಲ್ಲಿ ಒಂದು ಹಳೆ ಲೆಕ್ಕದ ಪುಸ್ತಕ ಇದೆ. ಮುತ್ತಾತನ ಹಿರಿಮಗ, ಅಂದರೆ ನಮ್ಮ ದೊಡ್ಡ ತಾತ ಬರೆದದ್ದು. ರಾಗಿ ಸಾಲ, ಎತ್ತು ಕೊಂಡ ಲೆಕ್ಕ, ಕೂಲಿ ಲೆಕ್ಕಗಳ ಮಧ್ಯೆ ಒಂದು ಪುಟದಲ್ಲಿ ಮನೆಯವರ ಹುಟ್ಟು ಸಾವು ಬರೆದಿಟ್ಟಿದ್ದಾರೆ. ಅದರಲ್ಲಿ "ಅಪ್ಪಯ್ಯ ತಿಮ್ಮೇಗೌಡರು, ಮರೀಗೌಡರ ಮಗ, ವಿಕಾರಿ ಸಂವತ್ಸರ ಆಶ್ವೀಜ ಬಹುಳ ಅಮಾವಾಸ್ಯೆ ಬುಧವಾರ ಜನನ" ಅಂತ ಇದೆ. ವಿಕಾರಿ ಅಂದರೆ 1899-1900. ಪೆನ್ಸಿಲ್ ಬರಹ, ಅಲ್ಲಲ್ಲಿ ಮಾಸಿದೆ.

ಆಮೇಲೆ 1932ರ ಒಂದು ಪಾರೀಖತ್ತು, ಅಣ್ಣತಮ್ಮಂದಿರು ಪಾಲಾದಾಗ ರಿಜಿಸ್ಟರ್ ಮಾಡಿಸಿದ್ದು. ಅಲ್ಲೂ ಮರೀಗೌಡರ ಮಗ ತಿಮ್ಮೇಗೌಡ ಅಂತಲೇ ಇದೆ, ಆದರೆ ವಯಸ್ಸು "ಸುಮಾರು 40". ಹಾಗಾದರೆ 1892. ಹೊಲದಲ್ಲಿರುವ ಸಮಾಧಿ ಕಲ್ಲಿನ ಮೇಲೆ ಮರಣ 1961, ವಯಸ್ಸು 75. ಅಂದರೆ 1886!

ಇಷ್ಟೇ ಆಗಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದಿತ್ತು. ತಾಲ್ಲೂಕು ಕಚೇರಿಯಿಂದ ತೆಗೆಸಿದ ಹಳೆ ಆರ್.ಆರ್. (ಜಮೀನಿನ ಹಕ್ಕು ದಾಖಲೆ) ನಕಲಿನಲ್ಲಿ ಒಂದು ಸರ್ವೆ ನಂಬರಿಗೆ "ತಿಮ್ಮೇಗೌಡ ಬಿನ್ ಕೆಂಪೇಗೌಡ" ಅಂತ ಇದೆ. ಆ ಜಮೀನು ನಮ್ಮದೇ, ನಮ್ಮ ತಾತ ಆಮೇಲೆ ಮಾರಿದ್ದು. ತಾತನ ತಂಗಿ ಸಣ್ಣಜ್ಜಿ ಇನ್ನೂ ಇದ್ದಾರೆ. ಕೇಳಿದರೆ "ಕೆಂಪೇಗೌಡ್ರು ನಮ್ಮೋರೇ ಕಣಪ್ಪ, ಆದ್ರೆ ನಮ್ಮಪ್ಪನ ಅಪ್ಪ ಅಲ್ಲ" ಅಂತಾರೆ, ಅಲ್ಲಿಗೆ ಮಾತು ನಿಲ್ಲುತ್ತೆ.

ಇನ್ನೊಂದು. ಪಾರೀಖತ್ತಿನಲ್ಲಿ ಜಿಲ್ಲೆ ಮೈಸೂರು ಅಂತಿದೆ. ಒಂದು ಹರಕು ಕಂದಾಯ ಕಾಗದದಲ್ಲಿ ಅಟ್ಟಿಕುಪ್ಪೆ ತಾಲ್ಲೂಕು ಅಂತಿದೆ. ನಾವು ಬೇರೆ ಕಡೆಯಿಂದ ವಲಸೆ ಬಂದವರು ಅಂತ ಚಿಕ್ಕಪ್ಪ ವಾದ ಮಾಡುತ್ತಾರೆ.

ಅಮೆರಿಕದಲ್ಲಿರೋ ಕಸಿನ್ ಒಬ್ಬ 1899, ತಂದೆ ಕೆಂಪೇಗೌಡ ಅಂತ ಆನ್‌ಲೈನ್ ವಂಶವೃಕ್ಷಕ್ಕೆ ಹಾಕಿಬಿಟ್ಟಿದ್ದಾನೆ. ಈಗ ಬೇರೆ ನೆಂಟರ ಪುಟಗಳಲ್ಲೂ ಅದೇ ಬರುತ್ತಿದೆ. ಜಾಸ್ತಿ ಕಡೆ ಇರೋದನ್ನೇ ಸರಿ ಅಂತ ಇಟ್ಟುಕೊಳ್ಳಬೇಕಾ? ಅಥವಾ ಸರ್ಕಾರಿ ದಾಖಲೆಯೇ ಮೇಲಾ?

ಸುಮ್ನೆ_ಓದುಗ

ಆನ್‌ಲೈನ್ ವಿಷಯಕ್ಕಷ್ಟೇ ಉತ್ತರ. ಐದು ಪುಟದಲ್ಲಿ ಒಂದೇ ವರ್ಷ ಇದ್ದರೆ ಐದು ಸಾಕ್ಷಿ ಅಲ್ಲ ಗುರುವೇ. ಒಬ್ಬ ಹಾಕಿದ್ದನ್ನು ನಾಲ್ವರು ಒತ್ತಿಕೊಂಡಿದ್ದಾರೆ. ಕಸಿನ್‌ಗೆ ಆ 1899 ಎಲ್ಲಿಂದ ಬಂತು ಅಂತ ಕೇಳಿ. ನಿಮ್ಮ ಮನೆ ಪುಸ್ತಕದ ಫೋಟೋನೇ ವಾಟ್ಸಾಪಿನಲ್ಲಿ ಹೋಗಿರುತ್ತೆ. ಅಲ್ಲಿಗೆ ಆ ಐದೂ ಸೇರಿ ಅರ್ಧ ಸಾಕ್ಷಿ.

ನಿವೃತ್ತ_ಲೆಕ್ಕಿಗ

ನಾನು ಗ್ರಾಮ ಲೆಕ್ಕಿಗನಾಗಿ ಇದ್ದವನು. ಹಳೆ ಮೈಸೂರು ದಾಖಲೆಗಳನ್ನು ಸಾಕಷ್ಟು ನೋಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ "ಸರ್ಕಾರಿ ದಾಖಲೆಯೇ ಮೇಲಾ" ಅಂತ ಕೇಳಿದ್ದೀರಿ. ಯಾವ ವಿಷಯಕ್ಕೆ ಅನ್ನೋದರ ಮೇಲೆ ಹೋಗುತ್ತದೆ. ಆರ್.ಆರ್. ಪುಸ್ತಕ ಬರೆದದ್ದು ಜಮೀನು ಯಾರ ಹೆಸರಿನಲ್ಲಿದೆ, ಯಾವ ಹಕ್ಕಿನಿಂದ ಬಂತು ಅಂತ ಹೇಳೋಕೆ. ಹುಟ್ಟಿದ ದಿನ, ಮದುವೆ, ಎಷ್ಟು ಮಕ್ಕಳು ಅದಕ್ಕೆ ಬೇಕಿರಲಿಲ್ಲ. ಹೆಣ್ಣುಮಕ್ಕಳಂತೂ ಜಮೀನು ಅವರ ಹೆಸರಿಗೆ ಬಂದರೆ ಮಾತ್ರ ಕಾಣಿಸುತ್ತಾರೆ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಗೆ ಮುಂಚಿನ ಪಾಲುಪಟ್ಟಿ ನೋಡಿ ಈ ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ ಅಂತ ತೀರ್ಮಾನ ಮಾಡಿದವರನ್ನೂ ನೋಡಿದ್ದೇನೆ.

ಆದರೆ "ಬಿನ್" ಆದ ಮೇಲೆ ಬರುವ ಹೆಸರನ್ನು ಹಗುರವಾಗಿ ತಗೋಬೇಡಿ. ಹೆಂಗಸರಿಗೆ "ಕೋಂ" ಅಂತ ಗಂಡನ ಹೆಸರು, ಗಂಡಸರಿಗೆ "ಬಿನ್" ಅಂತ ತಂದೆ ಹೆಸರು. ಒಂದೇ ಊರಿನಲ್ಲಿ ಆರು ತಿಮ್ಮೇಗೌಡರಿದ್ದರೆ ಕಂದಾಯ ಯಾರ ಹತ್ತಿರ ವಸೂಲಿ ಮಾಡಬೇಕು ಅಂತ ಗೊತ್ತಾಗೋದೇ ಅದರಿಂದ. ಶಾನುಭೋಗರು ಅದೇ ಊರಿನವರು, ಎಲ್ಲರ ಮನೆ ಗೊತ್ತಿದ್ದವರು. ಅವರು ತಂದೆ ಹೆಸರನ್ನೇ ತಪ್ಪು ಬರೆಯೋ ಸಾಧ್ಯತೆ ಕಡಿಮೆ. ತಪ್ಪುಗಳು ಜಾಸ್ತಿ ಸೇರಿದ್ದು ಆಮೇಲೆ, ಕೈಬರಹದ ಪಹಣಿಯನ್ನು 2000ದ ಆಸುಪಾಸಿನಲ್ಲಿ ಭೂಮಿ ತಂತ್ರಾಂಶಕ್ಕೆ ಏರಿಸುವಾಗ. ತಿಮ್ಮೇಗೌಡ ಹೋಗಿ ತಮ್ಮೇಗೌಡ ಆದದ್ದು ಎಷ್ಟೋ ಇದೆ. ನೀವು ತೆಗೆಸಿರೋದು ಹಳೆ ಕೈಬರಹದ ನಕಲು, ಒಳ್ಳೆಯದೇ ಆಯಿತು.

ಹಾಗಾಗಿ ನನ್ನ ಮೊದಲ ಅನುಮಾನ, ಇವರು ಇಬ್ಬರು ಬೇರೆ ಬೇರೆ ತಿಮ್ಮೇಗೌಡರು. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡೋದು ರೂಢಿ. ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಹಿರಿಮಗನಿಗೆ ಅದೇ ಹೆಸರಿಟ್ಟರೆ ದಾಯಾದಿಗಳಲ್ಲಿ ಇಬ್ಬರು ತಿಮ್ಮೇಗೌಡರು ಆಗೇ ಆಗುತ್ತಾರೆ.

ಎರಡನೇ ಸಾಧ್ಯತೆ ದತ್ತು. ಮಕ್ಕಳಿಲ್ಲದ ದೊಡ್ಡಪ್ಪ ಕೆಂಪೇಗೌಡ ತಮ್ಮನ ಮಗನನ್ನು ದತ್ತು ತೆಗೆದುಕೊಂಡಿದ್ದರೆ ಜಮೀನಿನ ದಾಖಲೆಯಲ್ಲಿ ಒಂದು ಅಪ್ಪ, ಮನೆಯವರ ಬಾಯಲ್ಲಿ ಇನ್ನೊಂದು ಅಪ್ಪ ಬರುತ್ತದೆ. ಆದರೆ ನಿಮ್ಮ 1932ರ ಪತ್ರ ಇದಕ್ಕೆ ಅಡ್ಡ ನಿಲ್ಲುತ್ತದೆ. ದತ್ತು ಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಪಾಲು ಇರಲಿಲ್ಲ. ನಿಮ್ಮ ಮುತ್ತಾತ ಮರೀಗೌಡರ ಮಗ ಅಂತಲೇ ಪಾಲು ತಗೊಂಡಿದ್ದಾರಲ್ಲ, 40 ವರ್ಷದ ಮಕ್ಕಳೊಂದಿಗನಾಗಿ. ಅದಾದ ಮೇಲೆ ದತ್ತು ಹೋದರು ಅನ್ನೋದು ನಂಬೋಕೆ ಕಷ್ಟ.

ಈಗ ಮಾಡಬೇಕಾದ ಕೆಲಸ. ಆ ಪಾರೀಖತ್ತಿನ ಕೊನೆಯಲ್ಲಿ ಷೆಡ್ಯೂಲ್ ಇರುತ್ತದೆ, ಪ್ರತಿ ಜಮೀನಿಗೂ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ಹಳ್ಳ ಎಲ್ಲಿ, ಕೆರೆ ಕಾಲುವೆ ಎಲ್ಲಿ. ಎಲ್ಲರೂ ಹೆಸರು ವಯಸ್ಸು ಇರುವ ಮೊದಲ ಪುಟ ಓದಿ ಮಡಚಿಡುತ್ತಾರೆ. ಚಕ್ಕುಬಂದಿಯನ್ನು ಒಂದೊಂದು ಹೆಸರೂ ಬಿಡದೆ ಓದಿ. ಸಾಕ್ಷಿ ಹಾಕಿದವರು, ಬರಹ ಬರೆದವರ ಹೆಸರೂ ಬರೆದುಕೊಳ್ಳಿ.

ಜಿಲ್ಲೆ ತಾಲ್ಲೂಕಿನ ಗೊಂದಲ ಗೊಂದಲವೇ ಅಲ್ಲ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ, ಅದಕ್ಕೆ ಮುಂಚೆ ಮೈಸೂರು ಜಿಲ್ಲೆ. ಅಟ್ಟಿಕುಪ್ಪೆ ಅನ್ನೋದು ಕೃಷ್ಣರಾಜಪೇಟೆಯ ಹಳೆ ಹೆಸರು, 1891ರಲ್ಲಿ ಬದಲಾಯಿತು. ಪಾಂಡವಪುರ ತಾಲ್ಲೂಕಿನವರಿಗೂ ಇದೇ ಪಾಡು, ಹಳೆ ಕಾಗದದಲ್ಲಿ ಫ್ರೆಂಚ್ ರಾಕ್ಸ್ ಅಂತ ನೋಡಿ ಯಾವ ದೇಶಾನೋ ಅಂದುಕೊಳ್ಳುತ್ತಾರೆ. ಆ ಕಾಗದ ಇಟ್ಟುಕೊಂಡು ವಲಸೆ ಅಂತ ಹೇಳೋಕಾಗಲ್ಲ ಅಂತ ಚಿಕ್ಕಪ್ಪನವರಿಗೆ ಹೇಳಿ.

ಪಂಚಾಂಗದ_ಪುಟ

ಹುಟ್ಟಿದ ವರ್ಷಕ್ಕೆ ನನ್ನ ಹತ್ತಿರ ಉತ್ತರ ಇದೆ ಅನ್ನಿಸುತ್ತೆ. ದೊಡ್ಡ ತಾತ ಬುಧವಾರ ಅಂತ ಬರೆದು ಉಪಕಾರ ಮಾಡಿದ್ದಾರೆ. ಸಂವತ್ಸರ ಮಾತ್ರ ಇದ್ದರೆ ಏನೂ ಪರೀಕ್ಷೆ ಮಾಡೋಕಾಗಲ್ಲ. ತಿಥಿ ಮತ್ತು ವಾರ ಎರಡೂ ಇದ್ದರೆ ತಾಳೆ ನೋಡಬಹುದು.

ವಿಕಾರಿ ಸಂವತ್ಸರದ ಆಶ್ವೀಜ ಅಮಾವಾಸ್ಯೆ, ಅಂದರೆ ದೀಪಾವಳಿ ಅಮಾವಾಸ್ಯೆ, 1899ರ ನವೆಂಬರ್ 3. ಅವತ್ತು ಶುಕ್ರವಾರ. ತಿಥಿ ಹಿಂದಿನ ದಿನ ಸಂಜೆಗೇ ಶುರುವಾಗಿತ್ತು ಅಂತ ಗುರುವಾರ ಹಿಡಿದರೂ ಬುಧವಾರಕ್ಕೆ ಬರಲ್ಲ.

ಈಗ ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿ. ಅದು ವಿಕಾರಿನಾ, ವಿಕೃತಿನಾ? ಮಾಸಿದ ಪೆನ್ಸಿಲ್‌ನಲ್ಲಿ ಕ ಕೆಳಗಿನ ಸುಳಿ ಅಳಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ವಿಕೃತಿ ಅಂದರೆ 1890-91. ಆ ವರ್ಷ ದೀಪಾವಳಿ ಅಮಾವಾಸ್ಯೆ ನವೆಂಬರ್ 12, ಬುಧವಾರ. ಸರಿಯಾಗಿ ಕೂರುತ್ತೆ. 1932ಕ್ಕೆ 41 ಮುಗಿದು 42 ಹತ್ತಿರ, ಪತ್ರದಲ್ಲಿ "ಸುಮಾರು 40". ಅದೂ ಕೂರುತ್ತೆ.

ಸಮಾಧಿ ಕಲ್ಲಿನ 75 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಲ್ಲು ನಿಲ್ಲಿಸಿದವರು ಮಕ್ಕಳು, ಅಂದಾಜಿನಲ್ಲಿ ಹಾಕಿಸಿರುತ್ತಾರೆ. ತೀರಿಕೊಂಡ ದೊಡ್ಡವರ ವಯಸ್ಸು ನಮ್ಮಲ್ಲಿ ಯಾವಾಗಲೂ ಐದು ಹತ್ತು ವರ್ಷ ಮೇಲಕ್ಕೇ ಹೋಗೋದು, ಕೆಳಗೆ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಮರಣದ ವರ್ಷ 1961 ಅನ್ನೋದಕ್ಕೆ ಅದೇ ಕಲ್ಲು ಒಳ್ಳೆ ಸಾಕ್ಷಿ, ಯಾಕಂದರೆ ನಿಲ್ಲಿಸಿದವರು ಕಣ್ಣಾರೆ ಕಂಡದ್ದು ಅದನ್ನ. ಒಂದೇ ಕಲ್ಲಿನಲ್ಲಿ ಒಂದು ಅಂಕಿ ಗಟ್ಟಿ, ಇನ್ನೊಂದು ಟೊಳ್ಳು.

ಇನ್ನೂ ಒಂದು ಕೇಳಬೇಕು. ದೊಡ್ಡ ತಾತ ತಮ್ಮದೇ ಹುಟ್ಟು ಯಾವ ಸಂವತ್ಸರ ಅಂತ ಬರೆದಿದ್ದಾರೆ?

ಕುಡ್ಲದ_ಅಕ್ಕ

ಲೆಕ್ಕಿಗ ಸರ್ ಹೇಳಿದ್ದು ಹಳೆ ಮೈಸೂರಿಗೆ ಸರಿ. ಇದನ್ನು ಓದುವ ನಮ್ಮ ಕರಾವಳಿಯವರು ಹಾಗೇ ಎತ್ತಿಕೊಳ್ಳಬೇಡಿ ಮಾರಾಯ್ರೆ. ನಮ್ಮಲ್ಲಿ ಅಳಿಯಸಂತಾನ ಇದ್ದ ಮನೆಗಳಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ವರ್ಗದ, ಅಂದರೆ ಜಮೀನು ಹಿಡುವಳಿಯ, ದಾಖಲೆಯಲ್ಲಿ ಒಬ್ಬರ ನಂತರ ಇನ್ನೊಬ್ಬರ ಹೆಸರು ಬಂತು ಅಂದರೆ ಅಪ್ಪ ಮಗ ಅಂತ ಬರೆದುಬಿಟ್ಟರೆ ಇಡೀ ಮರವೇ ಅಡಿಮೇಲು. ನನ್ನ ಅಜ್ಜಿಯ ಕುಟುಂಬದ ಪಟ್ಟಿಯಲ್ಲಿ ಹಾಗೆಯೇ ಯಾರೋ ಮಾವ ಅಳಿಯರನ್ನು ಅಪ್ಪ ಮಗ ಮಾಡಿಟ್ಟಿದ್ದರು. ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ಬೇರೆ ಬೇರೆ ಬರಬೇಕಿತ್ತು, ಒಂದೇ ಇತ್ತು. ಅದರಿಂದ ಸಿಕ್ಕಿಬಿತ್ತು. ಬಳಿ ತಾಯಿಯಿಂದ ಬರುವುದು, ಅಪ್ಪನಿಗೂ ಮಗನಿಗೂ ಒಂದೇ ಬಳಿ ಇರೋದಿಲ್ಲ.

ನಮ್ಮ ಕ್ರಿಶ್ಚಿಯನ್ ಗೆಳತಿಯರಿಗೆ ಇಗರ್ಜಿಯ ಪುಸ್ತಕ ಇದೆ ಅಂತ ಹೊಟ್ಟೆಕಿಚ್ಚು ಪಡುತ್ತಿದ್ದೆ. ಅಲ್ಲಿಯೂ ನೋಡಿಕೊಳ್ಳಬೇಕಾದ್ದು ಇದೆ. ದೊಡ್ಡದಾಗಿ ಬರೆದಿರುವ ದಿನಾಂಕ ಕೆಲವು ಕಡೆ ಜ್ಞಾನಸ್ನಾನದ್ದು, ಹುಟ್ಟಿದ್ದಲ್ಲ. ಮತ್ತೆ 1784ರಲ್ಲಿ ಟಿಪ್ಪು ಕಾಲದ ಸೆರೆಯ ಸಮಯದಲ್ಲಿ ಇಗರ್ಜಿಗಳೇ ನೆಲಸಮ ಆದವು, ಅದಕ್ಕೂ ಹಿಂದಿನದು ಸಿಕ್ಕರೆ ಪುಣ್ಯ.

ಕರದಂಟು_ಪ್ರೇಮಿ

ನಮ್ಮ ಬೆಳಗಾವಿ ಕಡೆ ಆಗಿದ್ದರೆ ಹೆಳವರನ್ನು ಕೇಳಿ ಅಂತಿದ್ದೆ. ಎತ್ತು ಹೊಡೆದುಕೊಂಡು ಊರೂರು ತಿರುಗಿ ಒಕ್ಕಲಿನ ಮನೆಗೆ ಬರುತ್ತಾರೆ, ವಂಶಾವಳಿ ಓದುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಕಾಳು ಬಟ್ಟೆ ರೊಕ್ಕ ತಗೊಂಡು ಹೋಗುತ್ತಾರೆ. ನಮ್ಮ ಮನೆತನದ ಮೂಲ ಊರು ನಮಗೇ ಮರೆತಿತ್ತು, ಹೆಳವರ ಪುಸ್ತಕದಲ್ಲಿ ಇತ್ತು. ಆದರೆ ಅವರ ಹತ್ತಿರ ಇಸವಿ ಕೇಳಬೇಡಿ ಸರ. ಯಾರ ಮಗ ಯಾರು, ಎಲ್ಲಿಂದ ಎದ್ದು ಎಲ್ಲಿಗೆ ಬಂದರು, ಅದರಲ್ಲಿ ಅವರನ್ನು ಮೀರಿಸುವವರಿಲ್ಲ.

ನಮ್ಮ ಪಹಣಿಯಲ್ಲಿ ಬಿನ್ ಬರೋದಿಲ್ಲ, "ತಂದೆ", "ಗಂಡ" ಅಂತಲೇ ಇರುತ್ತದೆ. ಹುಡುಗ ಸಣ್ಣವನಿದ್ದರೆ "ಅ.ಪಾ.ಕ. ತಾಯಿ" ಅಂತ ಬರೆದಿರುತ್ತಾರೆ, ಮೈನರ್ ಹುಡುಗನ ಪರವಾಗಿ ನೋಡಿಕೊಳ್ಳುವವಳು ತಾಯಿ ಅಂತ. ಆ ಮೂರು ಅಕ್ಷರ ಸಿಕ್ಕರೆ ಬಿಡಬೇಡಿ, ಅದು ವಯಸ್ಸಿಗೇ ಸಾಕ್ಷಿ. ಆ ವರ್ಷ ಅವನಿಗೆ 18 ಆಗಿರಲಿಲ್ಲ, ಅಪ್ಪ ತೀರಿಕೊಂಡಿದ್ದ ಅಂತ ಬಹುಮಟ್ಟಿಗೆ ಹೇಳಬಹುದು. ಕಲಬುರಗಿ ಬೀದರ್ ರಾಯಚೂರಿನವರಿಗೆ ನಿಜಾಮರ ಕಾಲದ್ದು ಉರ್ದುವಿನಲ್ಲಿ, ವರ್ಷ ಫಸಲಿ. 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ. ಫಸಲಿಯನ್ನು ಹಿಜರಿ ಅಂತ ಲೆಕ್ಕ ಹಾಕಿ ಎಂಟು ಹತ್ತು ವರ್ಷ ಆಚೀಚೆ ಮಾಡಿಕೊಂಡವರಿದ್ದಾರೆ.

ಕಿಕ್ಕೇರಿಯವರೇ, ನಿಮ್ಮ ಸಣ್ಣಜ್ಜಿಯನ್ನು ಕೇಳೋ ರೀತಿ ಬದಲು ಮಾಡಿ. "ಕೆಂಪೇಗೌಡ ಯಾರು" ಅಂದರೆ ಯಾರೂ ಹೇಳೋದಿಲ್ಲ. ಆ ಮನೆಯ ಹೆಂಗಸರ ಬಗ್ಗೆ ಕೇಳಿ. ಯಾರ ಹೆಂಡತಿ ಯಾವ ಊರಿನವಳು, ಯಾರ ಮದುವೆಗೆ ಯಾರು ಹೋಗಿದ್ದರು, ಯಾರ ಮನೆ ಸೂತಕ ನಿಮಗೆ ಬರುತ್ತಿತ್ತು. ಸೂತಕ ಬಂದರೆ ದಾಯಾದಿ ಅಂತ ಗೊತ್ತಾಯಿತಲ್ರೀ.

ಕಿಕ್ಕೇರಿ_ಕಡೆಯವನು

ಎಲ್ಲರಿಗೂ ದೊಡ್ಡ ನಮಸ್ಕಾರ. ವಾರಾಂತ್ಯಕ್ಕೆ ಊರಿಗೆ ಹೋಗಿ ಬಂದೆ, ಸಿಕ್ಕಿದ್ದನ್ನೆಲ್ಲಾ ಹೇಳುತ್ತೇನೆ.

ಪುಸ್ತಕದ ಪುಟವನ್ನು ಮೊಬೈಲ್ ಟಾರ್ಚ್ ಪಕ್ಕದಿಂದ ಬಿಟ್ಟು ನೋಡಿದೆ. ಕ ಕೆಳಗೆ ಒತ್ತಿದ ಗುರುತು ಇದೆ, ಬಣ್ಣ ಹೋಗಿದೆ ಅಷ್ಟೇ. ಕೊನೆಯ ಅಕ್ಷರ ತಿ ಅಂತಲೇ ಓದೋಕಾಗುತ್ತೆ. ದೊಡ್ಡ ತಾತ ತಮ್ಮ ಜನನ ಆನಂದ ಸಂವತ್ಸರ ಅಂತ ಬರೆದಿದ್ದಾರೆ.

ಮತ್ತೆ ಚಕ್ಕುಬಂದಿ! ಪಾರೀಖತ್ತಿನಲ್ಲಿ ನಮ್ಮ ಮುತ್ತಾತನ ಪಾಲಿಗೆ ಬಂದ ಎರಡನೇ ಜಮೀನಿಗೆ "ಪೂರ್ವಕ್ಕೆ ಕೆಂಪೇಗೌಡರ ಮಗ ತಿಮ್ಮೇಗೌಡನ ಹೊಲ" ಅಂತ ಸ್ಪಷ್ಟವಾಗಿ ಇದೆ. ಅದೇ ಪತ್ರದಲ್ಲಿ ಸಾಕ್ಷಿ ಹಾಕಿದವರಲ್ಲೂ ಕೆಂಪೇಗೌಡರ ಮಗ ತಿಮ್ಮೇಗೌಡ ಅಂತ ಹೆಬ್ಬೆಟ್ಟು ಇದೆ. ನಮ್ಮ ಮುತ್ತಾತ ಮೋಡಿ ಅಕ್ಷರದಲ್ಲಿ ರುಜು ಹಾಕಿದ್ದಾರೆ. ಒಬ್ಬರದು ರುಜು, ಒಬ್ಬರದು ಹೆಬ್ಬೆಟ್ಟು.

ಸಣ್ಣಜ್ಜಿಗೆ ಸೂತಕದ ಪ್ರಶ್ನೆ ಕೇಳಿದ್ದೇ ತಡ, ಅರ್ಧ ಗಂಟೆ ನಿಲ್ಲಿಸಲಿಲ್ಲ. ಕೆಂಪೇಗೌಡರದು "ಮೇಲಿನ ಮನೆ", ನಮ್ಮದು "ಕೆಳಗಿನ ಮನೆ". ಸೂತಕ ಹತ್ತು ದಿನ ಎರಡೂ ಮನೆಗೆ. ಮೇಲಿನ ಮನೆ ತಿಮ್ಮೇಗೌಡರಿಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು, ಅವಳನ್ನು ಚನ್ನರಾಯಪಟ್ಟಣದ ಕಡೆ ಕೊಟ್ಟಿದ್ದರಂತೆ. ಜಮೀನು ನಮ್ಮ ಮನೆಗೆ ಹೇಗೆ ಬಂತು ಅಂದರೆ "ಗಂಡಸರ ವ್ಯವಹಾರ ನಂಗೇನು ಗೊತ್ತು" ಅಂದರು. ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿದರು, ಅದನ್ನೂ ಬರೆದುಕೊಂಡಿದ್ದೇನೆ.

ಮರೀಗೌಡ ಕೆಂಪೇಗೌಡ ಅಣ್ಣತಮ್ಮಂದಿರು, ಅವರ ಅಪ್ಪನೂ ತಿಮ್ಮೇಗೌಡ ಅಂತ ಮರಕ್ಕೆ ಸೇರಿಸಿಬಿಡಲಾ?

ಪಂಚಾಂಗದ_ಪುಟ

ಆನಂದ ಅಂದರೆ 1914-15. 1899ರ ಕೊನೆಯಲ್ಲಿ ಹುಟ್ಟಿದವನಿಗೆ ಹದಿನೈದಕ್ಕೇ ಮಗ ಆಗಬೇಕು. 1890 ಆದರೆ ಇಪ್ಪತ್ನಾಲ್ಕು. ವಾರ, ಅಕ್ಷರ, ಮಗನ ಹುಟ್ಟು, ಪತ್ರದ ವಯಸ್ಸು ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. 12 ನವೆಂಬರ್ 1890 ಅಂತ ಧೈರ್ಯವಾಗಿ ಬರೆಯಿರಿ. ಪಕ್ಕದಲ್ಲಿ ಕಲ್ಲಿನ 75 ಅನ್ನೂ ಬರೆದಿಡಿ, ಮುಂದೆ ಯಾರಾದರೂ ಕಲ್ಲು ನೋಡಿ 1886 ಅಂತ ತಿದ್ದೋಕೆ ಬರುತ್ತಾರೆ.

ನಿವೃತ್ತ_ಲೆಕ್ಕಿಗ

ಒಂದೇ ಪತ್ರದಲ್ಲಿ ಇಬ್ಬರೂ ಇದ್ದಾರೆ, ಒಬ್ಬ ಪಾಲುದಾರ, ಇನ್ನೊಬ್ಬ ಪಕ್ಕದ ಹೊಲದವನೂ ಸಾಕ್ಷಿಯೂ. ಇವರಿಬ್ಬರೂ ಒಬ್ಬರೇ ಅನ್ನೋ ಮಾತು ಮುಗಿಯಿತು. ದತ್ತಿನ ಮಾತೂ ಮುಗಿಯಿತು.

ಅಜ್ಜಿ ಹೇಳಿದ ಸೂತಕದಿಂದ ದಾಯಾದಿಗಳು ಅನ್ನೋದು ಖಾತ್ರಿ. ಆದರೆ ಮರೀಗೌಡ ಕೆಂಪೇಗೌಡ ಒಡಹುಟ್ಟಿದವರೇ ಅಂತ ಇನ್ನೂ ಯಾವ ಕಾಗದವೂ ಹೇಳಿಲ್ಲ. ಅವರ ಅಪ್ಪಂದಿರು ಅಣ್ಣತಮ್ಮ ಆಗಿದ್ದರೂ ಹತ್ತು ದಿನದ ಸೂತಕವೇ. ಹಿರಿಯ ತಿಮ್ಮೇಗೌಡರನ್ನು ಮರದಲ್ಲಿ ಚುಕ್ಕೆ ಗೆರೆಯಲ್ಲಿ ಹಾಕಿ, ಪಕ್ಕದಲ್ಲಿ "ಹೆಸರಿನ ರೂಢಿಯಿಂದ ಊಹೆ" ಅಂತ ಬರೆಯಿರಿ. ಆನ್‌ಲೈನಿಗೆ ಮಾತ್ರ ಏರಿಸಬೇಡಿ, ಅಲ್ಲಿ ಚುಕ್ಕೆ ಗೆರೆ ಉಳಿಯಲ್ಲ.

ಜಮೀನು ಬಂದ ದಾರಿಗೆ ಆ ಸರ್ವೆ ನಂಬರಿನ ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ (ಎಂ.ಆರ್.), ತೆಗೆಸಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಿ. ಅರ್ಜಿಯಲ್ಲಿ ಮುತ್ತಾತನ ಹೆಸರು ಹಾಕಿ ಹುಡುಕಿಕೊಡಿ ಅಂದರೆ ಆಗಲ್ಲ ಅಂತ ವಾಪಸ್ ಬರುತ್ತದೆ, ಊರು, ಸರ್ವೆ ನಂಬರ್, ಹಿಸ್ಸಾ ಬರೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮದು ಆಗಿದ್ದರೆ ಕೆಲಸ ಹಗುರ. ಎಂ.ಆರ್. ಸಿಕ್ಕ ಮೇಲೆ ಹೆಸರಿಗಿಂತ ಮೊದಲು ಕಾರಣದ ಕಾಲಂ ನೋಡಿ. ಪೌತಿ ಅಂತ ಇದ್ದರೆ ವಾರಸುದಾರನಾಗಿ ಬಂತು, ಸಂಬಂಧ ಏನು ಅಂತ ಅಲ್ಲೇ ಇರುತ್ತದೆ. ಕ್ರಯ ಅಂತ ಇದ್ದರೆ ದುಡ್ಡು ಕೊಟ್ಟು ಕೊಂಡದ್ದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಸಿಗುತ್ತದೆ, ಅದರಲ್ಲಿ ಮಾರಿದವರ ಅಪ್ಪನ ಹೆಸರಿನ ಜೊತೆ ಕೆಲವೊಮ್ಮೆ ತಾತನ ಹೆಸರೂ ಬರುತ್ತದೆ. ಆ ಮಗಳು ಬರೆದುಕೊಟ್ಟಿದ್ದರೆ ಅವಳ ಹೆಸರು ಕೋಂ ಜೊತೆ ಇರುತ್ತದೆ, ಚನ್ನರಾಯಪಟ್ಟಣದ ಆ ಮನೆಯನ್ನು ಹುಡುಕೋಕೆ ಅಷ್ಟು ಸಾಕು.

ಇನ್ನು ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಯಾರಾದರೂ ತಂದು ತೋರಿಸಿದರೆ ಅದನ್ನು ಮೂಲ ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ. ಅರ್ಜಿದಾರ ಅಫಿಡವಿಟ್‌ನಲ್ಲಿ ಹೇಳಿದ್ದೇ ಅದರ ಬುಡ. ಖಾತೆ ಬದಲಾವಣೆಗೆ ಬೇಕು, ಮುತ್ತಾತನ ಅಪ್ಪ ಯಾರು ಅನ್ನೋದಕ್ಕೆ ಬೇಡ.

ಕರದಂಟು_ಪ್ರೇಮಿ

ಅಜ್ಜಿ ಮುಖ ತಿರುಗಿಸಿದರು ಅಂದಿರಲ್ಲ, ಹಾಗಾದರೆ ಕ್ರಯವೂ ಅಲ್ಲ ಪೌತಿಯೂ ಅಲ್ಲ ಇರಬಹುದು ಸರ. ಸಾಲಕ್ಕೆ ಬರೆಸಿಕೊಂಡಿದ್ದು ಏನಾದರೂ ಇದೆಯಾ ಅಂತ ಆ ಲೆಕ್ಕದ ಪುಸ್ತಕವನ್ನೇ ಮತ್ತೆ ನೋಡಿ. ರಾಗಿ ಸಾಲದ ಪುಟಗಳಲ್ಲಿ "ಮೇಲಿನ ಮನೆ" ಅಂತ ಎಷ್ಟು ಸಲ ಬರುತ್ತದೆ?

ಕಿಕ್ಕೇರಿ_ಕಡೆಯವನು

ಈಗಷ್ಟೇ ತೆಗೆದು ನೋಡಿದೆ. ಬರುತ್ತೆ, ಜಾಸ್ತಿನೇ ಬರುತ್ತೆ. ಕೊನೆಕೊನೆಗೆ ರಾಗಿ ಹೋಗಿ ರೂಪಾಯಿ ಲೆಕ್ಕ ಆಗಿದೆ, ಒಂದು ಕಡೆ "ಭೋಗ್ಯ" (ಸಾಲಕ್ಕೆ ಜಮೀನನ್ನು ಅನುಭವಕ್ಕೆ ಬಿಟ್ಟುಕೊಡುವ ಅಡಮಾನ) ಅಂತಲೂ ಇದೆ. ಲೆಕ್ಕಿಗ ಸರ್, ಭೋಗ್ಯದ ಪತ್ರವೂ ಸಬ್ ರಿಜಿಸ್ಟ್ರಾರ್ ಹತ್ತಿರ ಸಿಗುತ್ತಾ?

ನಿವೃತ್ತ_ಲೆಕ್ಕಿಗ

ರಿಜಿಸ್ಟರ್ ಮಾಡಿಸಿದ್ದರೆ ಸಿಗುತ್ತದೆ. ಇಂಡೆಕ್ಸ್‌ನಲ್ಲಿ ಬರೆದುಕೊಟ್ಟವರ ಹೆಸರಿನಲ್ಲಿ ಹುಡುಕಿಸಿ, ನಿಮ್ಮ ಮುತ್ತಾತನ ಹೆಸರಿನಲ್ಲಿ ಬೇಡ. ಇಬ್ಬರದೂ ಒಂದೇ ಹೆಸರು ನೋಡಿ, ಗುಮಾಸ್ತರಿಗೆ ಅಪ್ಪನ ಹೆಸರು ಒತ್ತಿ ಹೇಳಿ.